ಮಗುವಿನ ಮಾತಿಗೆ ನಾವು ಕಾಯೋಣ

ಸಂಜೆಯ ಜಪಸರದ ಹೊತ್ತು. ಎಲ್ಲರೂ ಒಟ್ಟಾಗಿ ಹೇಳುವಾಗ ಹತ್ತು ವರ್ಷದ ಹುಡುಗನ ದನಿ ಸರಾಗವಾಗಿ ಸೇರಿಕೊಳ್ಳುತ್ತದೆ. ಆದರೆ ಒಂದು ರಹಸ್ಯವನ್ನು ಮುನ್ನಡೆಸುವ ಸರದಿ ಅವನಿಗೆ ಬಂದಾಗ "ನಮೋ" ಎಂಬ ಮೊದಲ ಪದವೇ ಹೊರಡುವುದಿಲ್ಲ. ಕಣ್ಣು ಮುಚ್ಚಿಕೊಳ್ಳುತ್ತಾನೆ, ಕುತ್ತಿಗೆ ಬಿಗಿಯುತ್ತದೆ. "ಬಿಡು ಮಗಾ, ನಾನು ಹೇಳ್ತೇನೆ" ಎನ್ನುತ್ತಾರೆ ತಾಯಿ. ಅದು ಪ್ರೀತಿಯ ಮಾತೇ. ಆದರೆ ತನ್ನ ದನಿ ಇಲ್ಲಿ ಬೇಕಿಲ್ಲ ಎಂದು ಮಗು ಅದರಿಂದ ಕಲಿತರೆ? ಇಂತಹ ಮಕ್ಕಳು ನಮ್ಮ ಕುಟುಂಬಗಳಲ್ಲೂ ಇದ್ದಾರೆ.

ಉಗ್ಗು ಎಂದರೇನು?

ಅಕ್ಷರವನ್ನು ಮತ್ತೆ ಮತ್ತೆ ಹೇಳುವುದು, ಎಳೆಯುವುದು, ಪದ ಗಂಟಲಲ್ಲೇ ಸಿಕ್ಕಿಕೊಳ್ಳುವುದು ಇದರ ಮೂರು ರೂಪಗಳು. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಇದು ಆರಂಭವಾಗುತ್ತದೆ. ಸುಮಾರು 5 ಶೇಕಡಾ ಮಕ್ಕಳಲ್ಲಿ ಒಮ್ಮೆಯಾದರೂ ಕಾಣಿಸಿಕೊಂಡು ಹೆಚ್ಚಿನವರಲ್ಲಿ ತಾನಾಗಿ ಮಾಯವಾಗುತ್ತದೆ. ಸುಮಾರು 1 ಶೇಕಡಾ ಜನರಲ್ಲಿ ಉಳಿದುಬಿಡುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚು.

ಇದು ಹೆದರಿಕೆಯಿಂದ ಹುಟ್ಟಿದ ರೋಗವಲ್ಲ, ಹೆತ್ತವರ ತಪ್ಪೂ ಅಲ್ಲ. ವಂಶವಾಹಿಗಳಿಗೂ, ಮೆದುಳು ಮಾತನ್ನು ಹೊಂದಿಸುವ ರೀತಿಗೂ ಇದರೊಂದಿಗೆ ನಂಟಿದೆ. ಒಟ್ಟಾಗಿ ಪ್ರಾರ್ಥಿಸುವಾಗ, ಹಾಡುವಾಗ ಉಗ್ಗು ಬಹುತೇಕ ಇಲ್ಲವಾಗುವುದೇ ನಾಲಿಗೆಯಲ್ಲಿ ದೋಷವಿಲ್ಲವೆಂಬುದಕ್ಕೆ ಸಾಕ್ಷಿ. ಆದುದರಿಂದ ಬಜೆ ತೇಯ್ದು ನಾಲಿಗೆಗೆ ಹಚ್ಚುವುದರಿಂದ ಉಗ್ಗು ಹೋಗದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂಬ ಕಾಸರಗೋಡಿನ ಬದುಕೂ ಇದಕ್ಕೆ ಕಾರಣವಲ್ಲ. ಮಗುವಿನ ಮನೆಮಾತನ್ನು ನಿಲ್ಲಿಸಬೇಕಾಗಿಲ್ಲ.

ವಾಕ್ ತಜ್ಞರು ಏನು ಮಾಡುತ್ತಾರೆ?

ಶಾಲಾ ಮಕ್ಕಳಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ತಜ್ಞರು ಮಗುವಿಗೆ ತಕ್ಕಂತೆ ಎರಡನ್ನೂ ಬೆರೆಸುವುದುಂಟು.

ಮೊದಲನೆಯದು ಮಾತನ್ನು ಸರಾಗಗೊಳಿಸುವ ಅಭ್ಯಾಸ. "ಅಮ್ಮ", "ಆಟ"ದಂತಹ ಪದಗಳನ್ನು ಸ್ವಲ್ಪ ಉಸಿರು ಬಿಟ್ಟು ಮೆಲ್ಲನೆ ಆರಂಭಿಸುವುದು; "ಪ", "ಬ", "ಮ" ಅಕ್ಷರಗಳಿಗೆ ತುಟಿಗಳನ್ನು ಒತ್ತದೆ ಹಗುರವಾಗಿ ತಾಗಿಸುವುದು; ಸ್ವರಗಳನ್ನು ತುಸು ಎಳೆದು ನಿಧಾನವಾಗಿ ಮಾತನಾಡುವುದು.

ಎರಡನೆಯದು ಉಗ್ಗಿನೊಡನೆ ಹೋರಾಡದೆ ಅದನ್ನು ಹಗುರಗೊಳಿಸುವುದು. ಇದನ್ನು ರೂಪಿಸಿದ ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ (1905-1994) ಸ್ವತಃ ಉಗ್ಗುತ್ತಿದ್ದರು. ಪದ ಸಿಕ್ಕಿಕೊಂಡರೆ ಅದನ್ನು ಮುಗಿಸಿ, ಕ್ಷಣ ನಿಂತು, ಅದೇ ಪದವನ್ನು ಮೃದುವಾಗಿ ಮತ್ತೆ ಹೇಳುವುದು ಮೊದಲ ಹೆಜ್ಜೆ. ಸಿಕ್ಕಿಕೊಂಡಿರುವಾಗಲೇ ಬಿಗಿ ಸಡಿಲಿಸಿ ಹೊರಬರುವುದು ಎರಡನೆಯದು. ಕಷ್ಟದ ಪದ ಬರುವ ಮೊದಲೇ ಸಿದ್ಧನಾಗುವುದು ಮೂರನೆಯದು. ಬೇಕೆಂದೇ ಉಗ್ಗಿ ನೋಡುವ ಅಭ್ಯಾಸವೂ ಇದೆ. ಇದರಿಂದ ಭಯ ಕರಗುತ್ತದೆ.

ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮೊದಲು ತಂಗಿಗೆ ಕಥೆ ಓದಿ ಹೇಳುವುದು, ಬಳಿಕ ಗೆಳೆಯನಿಗೆ ಫೋನು, ಆಮೇಲೆ ಅಂಗಡಿಯಲ್ಲಿ ಸಾಮಾನು ಕೇಳುವುದು, ಮುಂದೆ ಧರ್ಮಶಿಕ್ಷಣದ ತರಗತಿ, ಕೊನೆಗೆ ಬಲಿಪೂಜೆಯ ವಾಚನ. ಶಾಲಾ ವಯಸ್ಸಿನಲ್ಲಿ ಉಗ್ಗು ಪೂರ್ಣವಾಗಿ ಹೋಗುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಮಗು ತಾನು ಹೇಳಬೇಕೆಂದಿದ್ದನ್ನು ಹಿಂಜರಿಯದೆ ಹೇಳುವಂತಾಗುವುದೇ ನಿಜವಾದ ಗುರಿ.

ಮನೆ, ಶಾಲೆ, ಚರ್ಚು

ತಜ್ಞರ ಬಳಿ ಮಗು ಇರುವುದು ವಾರಕ್ಕೆ ಒಂದೆರಡು ಗಂಟೆ ಮಾತ್ರ. ಉಳಿದ ಸಮಯ ನಮ್ಮ ಕೈಯಲ್ಲಿದೆ.

- ಮಗುವಿನ ಪದವನ್ನು ನಾವು ಮುಗಿಸದಿರೋಣ. "ನಿಧಾನ ಹೇಳು", "ಉಸಿರು ತಗೋ" ಎಂದು ಎಲ್ಲರೆದುರು ತಿದ್ದದಿರೋಣ.
- ನಾವೇ ನಿಧಾನವಾಗಿ ಮಾತನಾಡೋಣ. ಅವನ ಮುಖ ನೋಡುತ್ತಾ, ಹೇಗೆ ಹೇಳಿದನೆಂಬುದಕ್ಕಿಂತ ಏನು ಹೇಳಿದನೆಂಬುದಕ್ಕೆ ಉತ್ತರಿಸೋಣ.
- ದಿನಕ್ಕೆ ಹತ್ತು ನಿಮಿಷವಾದರೂ ಟಿ.ವಿ., ಮೊಬೈಲು ಬದಿಗಿಟ್ಟು ಅವನೊಬ್ಬನ ಮಾತು ಕೇಳೋಣ.
- ಹಾಜರಿ ಹೇಳುವುದು, ಗಟ್ಟಿಯಾಗಿ ಓದುವುದು ಹೇಗಿರಬೇಕೆಂದು ಶಿಕ್ಷಕರು ಮಗುವನ್ನೇ ಗುಟ್ಟಾಗಿ ಕೇಳಲಿ. ಮೊದಲು ಜೊತೆಗಾರನೊಂದಿಗೆ ಓದಿಸಬಹುದು. ಅಣಕಿಸುವವರನ್ನು ಅಂದೇ ತಡೆಯಬೇಕು.

ಮಂಗಳೂರು ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯಲ್ಲಿ ವಾಕ್ ಮತ್ತು ಶ್ರವಣ ಕಾಲೇಜು ಇದೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. "ದೊಡ್ಡವನಾದ ಮೇಲೆ ಸರಿಹೋಗುತ್ತದೆ" ಎಂದು ವರ್ಷಗಟ್ಟಲೆ ಕಾಯುವುದು ಬೇಡ.

ದೇವರಿಗೆ ಬೇಕಾದ ದನಿ

ತನಗೆ ಮಾತು ಬಾರದೆಂದು ಮೋಶೆ ಹಿಂಜರಿದಾಗ ದೇವರು ಅವನನ್ನು ಬಿಟ್ಟು ಬೇರೊಬ್ಬನನ್ನು ಆರಿಸಲಿಲ್ಲ. ಆರೋನನನ್ನು ಜೊತೆಗೆ ಕೊಟ್ಟರು (ವಿಮೋಚನಕಾಂಡ 4). ಸ್ವಿಟ್ಜರ್ಲೆಂಡಿನ ಸಂತ ಗಾಲ್ ಮಠದಲ್ಲಿದ್ದು 912ರಲ್ಲಿ ತೀರಿಕೊಂಡ ಧನ್ಯ ನೋಟ್ಕರ್ ಅವರಿಗೆ "ಉಗ್ಗುವವನು" ಎಂಬ ಅಡ್ಡಹೆಸರೇ ಇತ್ತು. ಅವರು ರಚಿಸಿದ ಸ್ತುತಿಗೀತೆಗಳನ್ನು ಧರ್ಮಸಭೆ ಶತಮಾನಗಳ ಕಾಲ ಹಾಡಿತು.

ನಾಳೆ ಸಂಜೆ ಆ ಹುಡುಗನ ಸರದಿ ಮತ್ತೆ ಬರುತ್ತದೆ. ಪದ ಸಿಕ್ಕಿಕೊಳ್ಳಬಹುದು. ಅಮ್ಮ ಸುಮ್ಮನೆ ಜಪಸರ ಹಿಡಿದು ಕುಳಿತಿರಲಿ. ಹತ್ತು ಕ್ಷಣ ಹೆಚ್ಚಾದರೂ ಅವನೇ ಹೇಳಿ ಮುಗಿಸಲಿ. ಅಷ್ಟು ಹೊತ್ತು ಕಾಯುವುದೂ ಒಂದು ಪ್ರಾರ್ಥನೆಯೇ.