ಸೋರುವ ಬಚ್ಚಲಿನ ಮೂಲವೆಲ್ಲಿ?

ನೀರು ಒಳಹೊಕ್ಕ ಸ್ಥಳ ಒಂದು. ಅದು ಮುಖ ತೋರಿಸುವ ಸ್ಥಳ ಇನ್ನೊಂದು. ಮನೆಯ ಗೋಡೆಯಲ್ಲಿ ಪಸೆ ಕಂಡಾಗ ಗೃಹಸ್ಥನಾದವನು ಮೊಟ್ಟಮೊದಲು ನೆನಪಿಡಬೇಕಾದ ಮಾತು ಇದು. ಮಹಡಿಯ ಸ್ನಾನದ ಮನೆಯ ಮೂಲೆಯಲ್ಲಿ ಇಳಿದ ನೀರು ಸ್ಲ್ಯಾಬಿನೊಳಗೆ ಹತ್ತು ಅಡಿ ನಡೆದು, ಕೆಳಗಣ ನಡುಮನೆಯ ದೀಪದ ಬಳಿ ತೊಟ್ಟಿಕ್ಕುವುದುಂಟು. ಆಗ ದೀಪದ ಸುತ್ತ ಸಿಮೆಂಟು ಮೆತ್ತಿ ಫಲವೇನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆಯೇ ಸರಿ.

ಈ ಮಾತು ಎಲ್ಲ ಊರಿಗೂ ಸಲ್ಲುವುದಾದರೂ ನಮ್ಮ ಮೆಲ್ಕಾರಿನಂಥ ಊರಿಗೆ ಇನ್ನಷ್ಟು ಸಲ್ಲುತ್ತದೆ. ಮಂಗಳೂರು-ಬೆಂಗಳೂರು ಹೆದ್ದಾರಿಯಲ್ಲಿ, ಪಾಣೆಮಂಗಳೂರಿಗೂ ಕಲ್ಲಡ್ಕಕ್ಕೂ ನಡುವೆ, ನೇತ್ರಾವತಿಗೆ ಸಮೀಪದಲ್ಲಿ ನಿಂತಿರುವ ಊರು ಇದು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಹೀಗಾಗಿ ಗೋಡೆಯಲ್ಲಿ ಕಲೆ ಕಂಡೊಡನೆ ನಾವು ಆಕಾಶದತ್ತ ಬೊಟ್ಟು ಮಾಡುತ್ತೇವೆ. “ಆಟಿ ತಿಂಗಳಲ್ಲವೆ, ಒದ್ದೆಯಾಗದೆ ಇದ್ದೀತೆ?” ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಬಚ್ಚಲಿನ ಸೋರಿಕೆ ಮಳೆಯ ಮರೆಯಲ್ಲಿ ನಾಲ್ಕು ತಿಂಗಳು ಸುಖವಾಗಿ ಅಡಗಿರುತ್ತದೆ. ದೀಪಾವಳಿ ಕಳೆದು, ಅಂಗಳದ ಮಣ್ಣು ಒಣಗಿ ಬಿರಿದರೂ ಕಲೆ ಮಾತ್ರ ಒಣಗದಿದ್ದಾಗ, ತಪ್ಪು ಮಳೆಯದಲ್ಲ ಎಂಬ ಅರಿವು ಮೂಡುತ್ತದೆ. ಅಷ್ಟರಲ್ಲಿ ಬಹಳ ಹಾನಿ ಆಗಿಹೋಗಿರುತ್ತದೆ.

ನಮ್ಮ ಹಿರಿಯರಿಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. ಅವರ ಮನೆಯ ಗೋಡೆ ಮುರಕಲ್ಲಿನದು, ಮಾಡು ಹಂಚಿನದು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ತೆರೆದ ಕಾರ್ಖಾನೆಯಿಂದ ಹೆಸರಾದ ಹಂಚು ಅದು. ಬಚ್ಚಲು ಮಾತ್ರ ಮನೆಯ ಹಿಂಬದಿಗೆ, ಬೇರೆ ಇಳಿಮಾಡಿನಡಿ ಇರುತ್ತಿತ್ತು. ಒಲೆಯ ಮೇಲೆ ತಾಮ್ರದ ಹಂಡೆ, ಕೆಳಗೆ ಕಲ್ಲುಚಪ್ಪಡಿ. ಮಿಂದ ನೀರು ತೆಂಗಿನ ಬುಡಕ್ಕೋ ಬಾಳೆಯ ಬುಡಕ್ಕೋ ಹರಿಯುತ್ತಿತ್ತು. ಸೋರಿದರೂ ನಷ್ಟವಿಲ್ಲ, ಬಾಳೆಗೆ ಲಾಭವೇ. ಈಗ ನಾವು ಆ ಬಚ್ಚಲನ್ನು ಮನೆಯೊಳಕ್ಕೆ, ಮಲಗುವ ಕೋಣೆಯ ಪಕ್ಕಕ್ಕೆ, ಮಹಡಿಯ ಮೇಲಕ್ಕೂ ಕರೆತಂದಿದ್ದೇವೆ. ತಂಬಿಗೆಯಲ್ಲಿ ಮೊಗೆದು ಸುರಿದುಕೊಂಡ ನೀರು ನೆಲಕ್ಕೆ ಬೀಳುತ್ತಿತ್ತು. ಶವರಿನ ನೀರು ಗೋಡೆಯನ್ನೂ ತೋಯಿಸುತ್ತದೆ. ಸಾಲದ್ದಕ್ಕೆ, ಮುರಕಲ್ಲು ರಂಧ್ರಮಯವಾದ ಕಲ್ಲು. 1807ರಲ್ಲಿ ಬುಕಾನನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಲ್ಯಾಟಿನಿನಲ್ಲಿ ‘ಇಟ್ಟಿಗೆ’ ಎಂಬ ಅರ್ಥದ ಪದದಿಂದ. ಒಮ್ಮೆ ಕುಡಿದ ನೀರನ್ನು ಆ ಕಲ್ಲು ಬೇಗನೆ ಬಿಟ್ಟುಕೊಡುವುದಿಲ್ಲ.

ಇನ್ನು ಪತ್ತೆಯ ವಿಚಾರ. ಈ ಕೆಲಸದಲ್ಲಿ ಕನ್ನಡ ನುಡಿಯೇ ನಮಗೆ ಮೊದಲ ದಾರಿ ತೋರಿಸುತ್ತದೆ. ನೀರು ತಪ್ಪಿಸಿಕೊಳ್ಳುವ ಬಗೆಗಳಿಗೆ ನಮ್ಮಲ್ಲಿ ಬೇರೆ ಬೇರೆ ಮಾತುಗಳಿವೆ. ತೊಟ್ಟಿಕ್ಕುವುದು ಬೇರೆ, ಜಿನುಗುವುದು ಬೇರೆ, ಒಸರುವುದು ಬೇರೆ. ಹನಿಹನಿಯಾಗಿ ಒಂದೇ ಕಡೆ ತೊಟ್ಟಿಕ್ಕುತ್ತಿದ್ದರೆ ಪೈಪಿನ ಅಥವಾ ಕೊಳವೆ ಕೂಡುವ ಜಾಗದ ಮೇಲೆ ಸಂದೇಹ ಪಡಬೇಕು. ಸಂದಿನಿಂದ ಗೆರೆಯಾಗಿ ಜಿನುಗುತ್ತಿದ್ದರೆ ಬಿರುಕಿನ ಮೇಲೆ. ಗೋಡೆ ಅಗಲವಾಗಿ ಒಸರಿ, ಬಣ್ಣ ಉಬ್ಬಿ, ಬಿಳಿಯ ಉಪ್ಪು ಹೂವಿನಂತೆ ಅರಳಿದ್ದರೆ, ಬಹುಕಾಲದಿಂದ ನೆಲವೋ ಗೋಡೆಯೋ ನೀರು ಹೀರುತ್ತಿದೆ ಎಂದು ತಿಳಿಯಬೇಕು. ಇದು ತೀರ್ಪಲ್ಲ, ಸುಳಿವು. ತೀರ್ಪಿಗೆ ಪರೀಕ್ಷೆ ಆಗಬೇಕು.

ಪರೀಕ್ಷೆಗೆ ಮುನ್ನ ಒಂದು ಎಚ್ಚರಿಕೆ. ದೀಪದ ತಳದಿಂದ, ಸ್ವಿಚ್ಚಿನಿಂದ ಅಥವಾ ಗೀಸರಿನ ಬಳಿಯಿಂದ ನೀರು ಇಳಿಯುತ್ತಿದ್ದರೆ ಮೊದಲು ಮೇನ್ ಸ್ವಿಚ್ಚನ್ನು ಆರಿಸಿ, ವಿದ್ಯುತ್ ಕೆಲಸದವರನ್ನು ಕರೆಯಿಸಿ. ಒದ್ದೆ ಕೈಯಿಂದ ಮುಟ್ಟಿ ನೋಡುವ ಕುತೂಹಲ ಪ್ರಾಣಕ್ಕೇ ಎರವಾದೀತು.

ಆ ಬಳಿಕ ಒಂದು ಪೆನ್ಸಿಲು ತೆಗೆದುಕೊಂಡು ಕಲೆಯ ಅಂಚಿನುದ್ದಕ್ಕೂ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯಿರಿ. ಮುರಕಲ್ಲಿನ ಗೋಡೆ ವಾರಗಟ್ಟಲೆ ಒದ್ದೆಯಾಗಿರುವುದರಿಂದ, ಪಸೆ ಇದೆಯೆ ಎನ್ನುವುದಕ್ಕಿಂತ ಅದು ಗೆರೆ ದಾಟಿತೆ ಎನ್ನುವುದೇ ಮುಖ್ಯ. ಮುಂದಿನ ಪರೀಕ್ಷೆಗಳನ್ನು ದಿನಕ್ಕೊಂದರಂತೆ ಮಾಡಿ. ಎರಡನ್ನು ಕೂಡಿಸಿದರೆ ಎರಡೂ ಕೆಡುತ್ತವೆ. ಆ ದಿನಗಳಲ್ಲಿ ಮನೆಮಂದಿ ಬೇರೆ ಕಡೆ ಸ್ನಾನ ಮಾಡುವುದು ಒಳ್ಳೆಯದು.

ಮೊದಲನೆಯ ದಿನ, ಮನೆಗೆ ನೀರು ತರುವ ಪೈಪಿನದು. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಮೇಲಿನ ಟ್ಯಾಂಕಿಯ ನೀರಿನ ಮಟ್ಟವನ್ನು ಗುರುತಿಸಿಡಿ. ಪಂಪು ಹಾಕಬಾರದು, ಯಾರೂ ನೀರು ಬಳಸಬಾರದು. ಬೆಳಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಪೈಪು ಸೋರುತ್ತಿದೆ. ಮರುದಿನ ರಾತ್ರಿ ಬಚ್ಚಲಿಗೆ ಹೋಗುವ ವಾಲ್ವನ್ನು ಮಾತ್ರ ಮುಚ್ಚಿ ನೋಡಿದರೆ, ಸೋರುವುದು ಬಚ್ಚಲಿನ ಪೈಪೋ ಅಲ್ಲವೋ ಎಂಬುದು ಗೊತ್ತಾಗುತ್ತದೆ. ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ಸುಮಾರು 4 ಲೀಟರು, ವರ್ಷಕ್ಕೆ 1500 ಲೀಟರಿಗೂ ಮಿಕ್ಕಿ ನೀರು ಗೋಡೆಯೊಳಗೆ ಸೇರುತ್ತದೆ.

ಎರಡನೆಯದು ಶವರಿನ ಕೊಳವೆಯದು. ನಲ್ಲಿಯಿಂದ ಶವರಿನ ತನಕ ಗೋಡೆಯೊಳಗೆ ಹುದುಗಿರುವ ಕೊಳವೆಯಲ್ಲಿ ನೀರು ಬರುವುದು ಶವರು ತೆರೆದಾಗ ಮಾತ್ರ. ಆದ್ದರಿಂದ ಮೊದಲ ಪರೀಕ್ಷೆಯಲ್ಲಿ ಈ ಕಳ್ಳ ಸಿಕ್ಕುವುದಿಲ್ಲ. ಶವರಿನ ತಲೆಗೆ ಉದ್ದನೆಯ ಪ್ಲಾಸ್ಟಿಕ್ ಚೀಲ ಕಟ್ಟಿ, ಅದರ ತಳ ಕತ್ತರಿಸಿ ಬಕೇಟಿಗೆ ಇಳಿಬಿಡಿ. ಗೋಡೆಗೂ ನೆಲಕ್ಕೂ ಹನಿ ಬೀಳದಂತೆ ಕಾಲು ಗಂಟೆ ನೀರು ಬಿಟ್ಟು, ತುಂಬಿದ ಬಕೇಟುಗಳನ್ನು ಹೊರಗೆ ಚೆಲ್ಲಿ. ಆಗಲೂ ಪಸೆ ಹೆಚ್ಚಿದರೆ ದೋಷ ಗೋಡೆಯೊಳಗಿನ ಕೊಳವೆಯದು.

ಮೂರನೆಯದು ನೀರು ಹೊರಹೋಗುವ ಬಾಯಿಯದು. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೇಟು ನೀರಿಗೆ ಕಲಸಿ, ನೆಲ ತೋಯದಂತೆ ಆಲಿಕೆಯಿಂದ ನೇರವಾಗಿ ಜಾಲರಿಯ ಬಾಯಿಗೆ ಸುರಿಯಿರಿ. ಕೆಳಗೆ ನೀಲಿ ಹನಿ ಕಂಡರೆ ಮುಂದೆ ಹುಡುಕಬೇಕಿಲ್ಲ.

ನಾಲ್ಕನೆಯದು ನೆಲದ್ದು. ಜಾಲರಿಗೆ ಬಟ್ಟೆಯ ಉಂಡೆಯನ್ನು ಬಿಗಿಯಾಗಿ ತುರುಕಿ, ಹೊಸಿಲಿಗಿಂತ ತಗ್ಗಿನಲ್ಲಿರುವಂತೆ ಒಂದೆರಡು ಅಂಗುಲ ನೀರು ನಿಲ್ಲಿಸಿ, 24 ಗಂಟೆ ಬಿಡಿ. ಪಕ್ಕದಲ್ಲಿಯೇ ಒಂದು ಅಗಲವಾದ ಪಾತ್ರೆಯಲ್ಲಿ ನೀರಿಟ್ಟು ಅದಕ್ಕೂ ಗುರುತು ಹಾಕಿ. ಪಾತ್ರೆಯ ನೀರು ಆರಿದಷ್ಟೇ ನೆಲದ ನೀರೂ ಇಳಿದಿದ್ದರೆ ನೆಲ ನಿರ್ದೋಷಿ. ಅದಕ್ಕಿಂತ ಹೆಚ್ಚು ಇಳಿದು, ಬಟ್ಟೆಯ ಉಂಡೆಯೂ ಸಡಿಲಿರದೆ, ಕೆಳಗೆ ಕಲೆ ಗೆರೆ ದಾಟಿದ್ದರೆ ದೋಷ ನೆಲದ್ದು. ಇಲ್ಲವೇ ನೆಲವೂ ಜಾಲರಿಯೂ ಕೂಡುವ ಅಂಚಿನದು. ಇವಿಷ್ಟರಲ್ಲಿಯೂ ಸಿಕ್ಕದಿದ್ದರೆ ಉಳಿದದ್ದು ಗೋಡೆ. ಐದನೆಯ ದಿನ ಟೈಲ್ಸುಗಳ ಮೇಲೆ ಮಾತ್ರ ನೀರು ಹೊಯ್ದು ಪರೀಕ್ಷಿಸಬೇಕು.

ಮೂಲ ಸಿಕ್ಕಿದರೆ ಮದ್ದು ಕಠಿಣವಲ್ಲ. ಶವರಿನ ತಿರುಪು ಸಡಿಲವಾಗಿದ್ದರೆ, ಬಿಚ್ಚಿ ಒರೆಸಿ, ತಿರುಪು ಬಿಗಿಯುವ ದಿಕ್ಕಿಗೇ ಟೆಫ್ಲಾನ್ ಟೇಪು ಸುತ್ತಿ ಮತ್ತೆ ಕೂಡಿಸಿದರಾಯಿತು. ಟೈಲ್ಸುಗಳ ಸಂದು ಉದುರಿದ್ದರೆ ಹಳೆಯದನ್ನು ಕೆರೆದು ತೆಗೆದು, ಪೂರ್ತಿ ಒಣಗಿಸಿ, ಎಪಾಕ್ಸಿ ತುಂಬಿಸುವುದು ಲೇಸು; ಬರಿಯ ಸಿಮೆಂಟು ನೀರನ್ನು ಸಂಪೂರ್ಣ ತಡೆಯಲಾರದು. ಗೋಡೆಯೂ ನೆಲವೂ ಕೂಡುವ ಮೂಲೆಗೆ ಮಾತ್ರ ಸಿಲಿಕೋನಿನಂಥ ಬಾಗುವ ವಸ್ತುವೇ ಬೇಕು. ಹಳೆಯ ಸಿಲಿಕೋನಿನ ಮೇಲೆ ಹೊಸದು ಅಂಟುವುದಿಲ್ಲವಾದ್ದರಿಂದ ಹಳೆಯದನ್ನು ಪೂರ್ಣವಾಗಿ ಕಿತ್ತು, ಹೊಸದು ಗಟ್ಟಿಯಾಗಲು ಒಂದು ದಿನ ನೀರು ಬೀಳಿಸದೆ ಬಿಡಬೇಕು.

ಮೂಲೆಗೆ ಬಾಗುವ ವಸ್ತುವೇ ಏಕೆ ಎಂದು ವಾಚಕರು ಕೇಳಬಹುದು. ಈಚೆಗೆ ನಮ್ಮ ದೇಶದ ಪ್ರವಾಸಿಗಳಿಗೂ ಪರಿಚಯವಾಗುತ್ತಿರುವ ಕ್ಯಾರವಾನುಗಳನ್ನು, ಎಂದರೆ ಗಾಲಿಯ ಮೇಲಿನ ಮನೆಗಳನ್ನು ನೆನೆಯಿರಿ. ಅವುಗಳಲ್ಲಿಯೂ ಪುಟ್ಟ ಬಚ್ಚಲು, ಪುಟ್ಟ ಶವರು ಉಂಟು. ಹೊಂಡದ ರಸ್ತೆಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಅದರ ಸಂದುಗಳು ಅಲುಗುತ್ತವೆ. ಗಟ್ಟಿಯಾದ ಗಾರೆ ಅಲ್ಲಿ ನಿಲ್ಲಲಾರದು. ಮನೆಯೂ ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುತ್ತದೆ. ಕ್ಯಾರವಾನಿನಲ್ಲಿ ಒಂದೇ ಪ್ರಯಾಣದಲ್ಲಿ ಬಿಡುವ ಸಂದು ಮನೆಯಲ್ಲಿ ಬಿಡಲು ವರ್ಷಗಳು ಹಿಡಿದಾವು, ಅಷ್ಟೇ ಭೇದ.

ನೆಲವೇ ಕೆಟ್ಟಿದ್ದರೆ ತೇಪೆಯಿಂದ ಪ್ರಯೋಜನವಿಲ್ಲ. ಟೈಲ್ಸು ಎಬ್ಬಿಸಿ, ನೀರು ತಡೆಯುವ ಲೇಪವನ್ನು ಎರಡು ಬಾರಿ ಕೊಟ್ಟು, ಅದನ್ನು ಗೋಡೆಯ ಮೇಲಕ್ಕೆ ಒಂದಡಿಯಾದರೂ, ಶವರಿನ ಬಳಿ ಆಳುದ್ದ ಏರಿಸಬೇಕು. ಮೀಟರಿಗೆ ಒಂದು ಸೆಂಟಿಮೀಟರಿನಷ್ಟಾದರೂ ಇಳಿಜಾರು ಜಾಲರಿಯ ಕಡೆಗೆ ಇರಬೇಕು. ಹೊಸ ಟೈಲ್ಸು ಕೂರಿಸುವ ಮುನ್ನ ಮತ್ತೊಮ್ಮೆ ನೀರು ನಿಲ್ಲಿಸಿ ನೋಡಬೇಕು. “ಅದೆಲ್ಲ ಬೇಡ ಸ್ವಾಮಿ, ಏನೂ ಆಗುವುದಿಲ್ಲ” ಎನ್ನುವ ಮೇಸ್ತ್ರಿಗೆ ಆ ಒಂದು ದಿನದ ಮಟ್ಟಿಗೆ ಕಿವಿಗೊಡದಿರುವುದೇ ಕ್ಷೇಮ. ಇಂಥ ಕೆಲಸಕ್ಕೆ ಹವೆ ಒಣಗಿರಬೇಕು. ದೀಪಾವಳಿಯ ಬಳಿಕ ತೊಡಗಿ, ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಒಳಗೆ ಮುಗಿಸುವುದು ಈ ಸೀಮೆಗೆ ತಕ್ಕ ಲೆಕ್ಕ.

ಕೆಳಗಿನಿಂದ ಬಣ್ಣ ಬಳಿದು ಕಲೆ ಮರೆಸುವುದಷ್ಟೇ ಸುಲಭವೆಂದು ತೋರಬಹುದು. ಆದರೆ ಸ್ಲ್ಯಾಬಿನೊಳಗಿನ ಕಬ್ಬಿಣ ಬಣ್ಣವನ್ನು ನೋಡುವುದಿಲ್ಲ. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಗಾತ್ರಕ್ಕೆ ಎರಡು ಪಟ್ಟಿಗೂ ಮಿಕ್ಕಿ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಒಂದು ದಿನ ಮಕ್ಕಳು ಮಲಗುವ ಮಂಚದ ಮೇಲೆ ಹೆಂಟೆ ಉದುರಿದಾಗ ಬಣ್ಣದ ಉಳಿತಾಯ ಯಾವ ಲೆಕ್ಕಕ್ಕೆ ಬಂದೀತು?

ಇನ್ನೊಂದು ನಷ್ಟವುಂಟು; ಅದನ್ನು ಯಾವ ಮೇಸ್ತ್ರಿಯೂ ಸರಿಪಡಿಸಲಾರ. ಒಂದೇ ಕಟ್ಟಡದ ಮೇಲಿನ ಮನೆಯವರೂ ಕೆಳಗಿನ ಮನೆಯವರೂ “ನಿಮ್ಮ ಬಚ್ಚಲು”, “ನಿಮ್ಮ ಗೋಡೆ” ಎಂದು ವಾದಿಸಿ ಮಾತು ಬಿಡುವುದನ್ನು ಕಾಣುತ್ತೇವೆ. ನೀಲಿಯ ನೀರೂ ಪೆನ್ಸಿಲಿನ ಗೆರೆಯೂ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಎರಡೂ ಮನೆಯವರು ಕೂಡಿ ಪರೀಕ್ಷಿಸಿದರೆ ಐದಾರು ದಿನಗಳಲ್ಲಿ ನಿಜ ಗೊತ್ತಾಗುತ್ತದೆ. ಜಗಳವಾಡಿದರೆ ಐದು ವರ್ಷವಾದರೂ ಗೊತ್ತಾಗದು. ದುರಸ್ತಿ ಮುಗಿದ ಮೇಲೆಯೂ ಆ ಗೆರೆಯನ್ನು ಅಳಿಸಬೇಡಿ. ಒಂದು ಮಳೆಗಾಲ ಕಳೆದು, ಕಲೆ ಗೆರೆಯನ್ನು ಮೀರದೆ ಒಳಗೊಳಗೇ ಕುಗ್ಗಿ ಒಣಗಿದರೆ, ಆಗ ಬಣ್ಣದವನನ್ನು ಕರೆಯಿಸಿ.