ಹಳೆ ಬಟ್ಟೆಯ ಮುಗ್ಗಲು ವಾಸನೆ: ಮುಚ್ಚಬೇಡಿ, ತೆಗೆಯಿರಿ

ಅಕ್ಕನ ಮಗುವಿನ ಅಂಗಿ ತಂಗಿಯ ಮಗುವಿಗೆ, ಅಜ್ಜಿಯ ರೇಷ್ಮೆ ದುಪಟ್ಟಾ ಮೊಮ್ಮಗಳ ಮದುವೆಗೆ. ಹೀಗೆ ಬಟ್ಟೆ ಕೈಯಿಂದ ಕೈಗೆ ದಾಟುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಆದರೆ ಪೆಟ್ಟಿಗೆ ತೆರೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ: ಸ್ವಲ್ಪ ಅತ್ತರ್ ಹಚ್ಚಿ ಧರಿಸುವುದು.

ಆ ವಾಸನೆಗೆ ಮುಖ್ಯ ಕಾರಣ ಬೂಸ್ಟು. ತೇವಾಂಶ, ಬೆವರು, ಮೈಯ ಜಿಡ್ಡು ಇದ್ದು ಗಾಳಿಯಾಡದಿದ್ದರೆ ಅದು ಬೆಳೆಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದು ಇನ್ನೂ ಸುಲಭ. ಬೂಸ್ಟಿನ ಸೂಕ್ಷ್ಮ ಕಣಗಳು ಅಲರ್ಜಿ ಇರುವವರಲ್ಲಿ ಸೀನು, ನೆಗಡಿ, ತುರಿಕೆ ತರಬಹುದು. ಅಸ್ತಮಾ ಇದ್ದವರಿಗೆ ಉಸಿರಾಟದ ತೊಂದರೆ ಹೆಚ್ಚಿಸಬಹುದು. ಅತ್ತರ್ ವಾಸನೆಯನ್ನು ಮುಚ್ಚುತ್ತದೆ, ಬೂಸ್ಟನ್ನು ತೆಗೆಯುವುದಿಲ್ಲ.

ಹತ್ತಿ ಬಟ್ಟೆಯಾದರೆ ಹೀಗೆ ಮಾಡಿ. ಮೊದಲು ಮಾಸ್ಕ್ ಧರಿಸಿ, ಮನೆಯ ಹೊರಗೆ ಬಟ್ಟೆಯನ್ನು ಕೊಡವಿ. ಅರ್ಧ ಬಕೆಟ್ ನೀರಿಗೆ ಒಂದು ಕಪ್ ಬಿಳಿ ವಿನೆಗರ್ ಬೆರೆಸಿ ಅರ್ಧ ಗಂಟೆ ನೆನೆಸಿ. ನಂತರ ಸಾಬೂನು ಪುಡಿಯಲ್ಲಿ ಒಗೆದು, ಚೆನ್ನಾಗಿ ಜಾಲಿಸಿ, ಬಿಸಿಲಿಗೆ ಹಾಕಿ. ವಿನೆಗರಿನೊಂದಿಗೆ ಬ್ಲೀಚ್ ಎಂದಿಗೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ವಾಸನೆ ಉಳಿದರೆ ಮತ್ತೊಮ್ಮೆ ಒಗೆಯಿರಿ. ಹೊಲಿಗೆ, ಜೇಬು, ಕಾಲರ್ ಒಣಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ.

ರೇಷ್ಮೆ, ಜರಿಯ ಬಟ್ಟೆಗೆ ವಿನೆಗರ್ ಬೇಡ, ಕಡು ಬಿಸಿಲೂ ಬೇಡ. ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ಹರವಿ. ಬಳಿಕ ಮುಚ್ಚಿದ ಡಬ್ಬದಲ್ಲಿ ಬಟ್ಟೆಯ ಪಕ್ಕ ಒಂದು ಬಟ್ಟಲು ಅಡುಗೆ ಸೋಡಾ ಇಟ್ಟರೆ ವಾಸನೆ ಕಡಿಮೆಯಾಗುತ್ತದೆ. ಬೂಸ್ಟಿನ ಕಲೆ ಇದ್ದರೆ ಡ್ರೈಕ್ಲೀನಿಂಗಿಗೆ ಕೊಡಿ.

ಇನ್ನೊಂದು ಮಾತನ್ನು ತಾಯಂದಿರು ಮರೆಯಬಾರದು. ಪೆಟ್ಟಿಗೆಯಲ್ಲಿ ನುಸಿಗುಳಿಗೆ, ಅಂದರೆ ನಾಫ್ತಲೀನ್, ಇಟ್ಟಿದ್ದ ಬಟ್ಟೆ, ಕಂಬಳಿಯನ್ನು ಹಾಗೆಯೇ ಹಸುಗೂಸಿಗೆ ಹೊದಿಸಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಇದರ ಆವಿಯಿಂದ ಕೆಂಪು ರಕ್ತಕಣಗಳು ಒಡೆದು ಕಾಮಾಲೆ, ರಕ್ತಹೀನತೆ ಉಂಟಾಗಬಹುದು. ಕೊರತೆ ಇದೆಯೆಂದು ನೋಡಿದರೆ ತಿಳಿಯುವುದಿಲ್ಲ. ಆದ್ದರಿಂದ ಕೂಸಿನ ಬಟ್ಟೆಯ ಜೊತೆ ನುಸಿಗುಳಿಗೆ ಇಡದಿರುವುದೇ ಕ್ಷೇಮ. ಮಗುವಿನ ಕಣ್ಣು, ಚರ್ಮ ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರ ಬಳಿ ಹೋಗಿ, ನುಸಿಗುಳಿಗೆಯ ವಿಷಯವನ್ನೂ ತಿಳಿಸಿ.

ಬಟ್ಟೆ ತೆಗೆದಿಡುವಾಗ ಪ್ಲಾಸ್ಟಿಕ್ ಚೀಲದ ಬದಲು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬಿಸಿಲು ಬಂದಾಗ ಹೊರತೆಗೆದು ಗಾಳಿಗೆ ಹಾಕಿ.

ಇನ್ನೊಬ್ಬರಿಗೆ ಕೊಡುವ ಮೊದಲೂ ಒಗೆದು, ಒಣಗಿಸಿ, ಒಮ್ಮೆ ಮೂಸಿ ನೋಡಿ. ಪಡೆಯುವವರು ಸಂಕೋಚದಿಂದ ಏನೂ ಹೇಳಲಾರರು. ನಿಮ್ಮ ಮಗುವಿಗೆ ತೊಡಿಸಲು ಮನಸ್ಸು ಒಪ್ಪುವಂತಿದ್ದರೆ ಮಾತ್ರ ಕೊಡಿ.