ಎರಡು ಮನವಿ, ಒಬ್ಬ ಮುಖ್ಯೋಪಾಧ್ಯಾಯಿನಿ

ಮುಖ್ಯ ಶಿಕ್ಷಕರನ್ನು ವರ್ಗಾಯಿಸುವಂತೆ ಒತ್ತಾಯಿಸಿ ಪೋಷಕರು ಶಾಲೆಯ ಗೇಟಿಗೆ ಬೀಗ ಜಡಿದರೆಂಬ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಅದೇ ಶಿಕ್ಷಕರನ್ನು ಉಳಿಸಿಕೊಡಿ ಎಂದು ಇನ್ನೊಂದು ಗುಂಪು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮುಂದೆ ಕುಳಿತ ಚಿತ್ರವೂ ಕೆಲವೊಮ್ಮೆ ಅದರ ಬೆನ್ನಿಗೇ ಬರುವುದುಂಟು. ನಗರದ ಓದುಗರಿಗೆ ಇದು ಬರಿಯ ಹಳ್ಳಿ ರಾಜಕೀಯವೆಂದು ತೋರಿದರೆ ಆಶ್ಚರ್ಯವಿಲ್ಲ. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ಆ ಎಣಿಕೆಯಿಂದಲೇ ಒಮ್ಮೆ ಒಂದು ವಿಚಾರಣಾ ವರದಿಯನ್ನೂ ಬರೆದೆ. ಸೇವೆಯಿಂದ ನಿವೃತ್ತನಾದ ಮೇಲೆ ನೆನಪಿಗೆ ಬಂದು ಕಾಡುವ ಕಡತಗಳಲ್ಲಿ ಅದೂ ಒಂದು.

ಅದು 2004ರ ಮಾತು. ನಾನು ಆಗ ಒಂದು ಜಿಲ್ಲಾ ಪಂಚಾಯಿತಿಯಲ್ಲಿ ಅಧಿಕಾರಿಯಾಗಿದ್ದೆ. ಬಯಲುಸೀಮೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯ ವಿಷಯವಾಗಿ ಎರಡು ಮನವಿಗಳು ಒಂದೇ ವಾರದಲ್ಲಿ ನನ್ನ ಮೇಜಿಗೆ ಬಂದವು. ಅವರನ್ನು ಕೂಡಲೇ ವರ್ಗಾಯಿಸಬೇಕೆಂದು ಒಂದು, ಯಾವ ಕಾರಣಕ್ಕೂ ವರ್ಗಾಯಿಸಕೂಡದೆಂದು ಇನ್ನೊಂದು. ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ಹನ್ನೊಂದು ಹೆಸರುಗಳು ಎರಡರಲ್ಲಿಯೂ ಇದ್ದವು; ಹೆಚ್ಚಿನವು ಹೆಬ್ಬೆಟ್ಟಿನ ಗುರುತುಗಳು. ಗುಮಾಸ್ತರು ನಕ್ಕರು. ನಾನೂ ನಕ್ಕೆ.

ಜಗಳದ ಮೂಲವನ್ನು ಅರಿಯಲು ಆ ಕಾಲದ ವ್ಯವಸ್ಥೆಯನ್ನು ಸ್ವಲ್ಪ ನೆನೆಯಬೇಕು. ಅಣುವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, ರಚನೆಯಾದವು. ಊರಿನ ಗಣ್ಯರ ಗ್ರಾಮ ಶಿಕ್ಷಣ ಸಮಿತಿಗಳಿದ್ದಲ್ಲಿ ಪೋಷಕರೇ ಆರಿಸಿದ ಪೋಷಕರು ಬಂದು ಕುಳಿತರು. ಅದೇ ಹೊತ್ತಿಗೆ ಸರ್ವ ಶಿಕ್ಷಣ ಅಭಿಯಾನದ ಹಣವೂ ಬರತೊಡಗಿತು. ಶಾಲೆಗೆ ವರ್ಷಕ್ಕೆ 2,000 ರೂಪಾಯಿ ಅನುದಾನ, ಪ್ರತಿ ಶಿಕ್ಷಕರಿಗೆ ಬೋಧನೋಪಕರಣಕ್ಕೆಂದು 500 ರೂಪಾಯಿ. ಇವು ಚಿಲ್ಲರೆ ಬಾಬತ್ತು. ದೊಡ್ಡ ಮೊತ್ತವೆಂದರೆ ಕೊಠಡಿ ಕಟ್ಟುವ ಹಣ. ಅದು ಸಮಿತಿಯ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಖಾತೆಗೆ ಜಮೆಯಾಗುತ್ತಿತ್ತು. ಚೆಕ್ಕಿಗೆ ಎರಡು ಸಹಿ ಬೇಕು. ಅದುವರೆಗೆ ಸೀಮೆಸುಣ್ಣದ ಡಬ್ಬಿಗೂ ಮೇಲಿನವರ ಮುಖ ನೋಡುತ್ತಿದ್ದ ಮುಖ್ಯ ಶಿಕ್ಷಕರ ಕುರ್ಚಿಗೆ ಒಮ್ಮೆಗೇ ತೂಕ ಬಂತು. ಆ ಕುರ್ಚಿಯಲ್ಲಿ ಯಾರಿರಬೇಕೆಂಬುದು ಊರಿನ ಪ್ರಶ್ನೆಯೂ ಆಯಿತು.

ನಾನು ಹೇಳುತ್ತಿರುವ ಊರಿನಲ್ಲಿ ಮುಖ್ಯೋಪಾಧ್ಯಾಯಿನಿ ಮರಳಿಗೂ ಸಿಮೆಂಟಿಗೂ ರಸೀದಿ ನೋಡದೆ ಸಹಿ ಹಾಕಲೊಪ್ಪಲಿಲ್ಲ. ಅಧ್ಯಕ್ಷರು ಊರಿನ ದೊಡ್ಡ ಮನೆಯವರು. ತಮ್ಮ ಮಾತೇ ರಸೀದಿಯೆಂದು ಬದುಕಿದವರು, ಕೆಟ್ಟವರೇನಲ್ಲ. ಇನ್ನೊಂದೆಡೆ ಆಕೆಯ ಮೇಲಿನ ದೂರುಗಳೆಲ್ಲ ಕಟ್ಟುಕಥೆಗಳೂ ಆಗಿರಲಿಲ್ಲ. ನಾಲಿಗೆ ಬಿರುಸು. ಸುಗ್ಗಿಯ ದಿನಗಳಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದೊಯ್ದ ತಂದೆತಾಯಿಗಳನ್ನು ಎಲ್ಲರೆದುರು ಗದರಿಸುತ್ತಿದ್ದರು. ಊರಿನಲ್ಲಿ ವಾಸವಿಲ್ಲ, ಸಂಜೆಯ ಬಸ್ಸು ತಪ್ಪಿಸಿಕೊಂಡವರೂ ಅಲ್ಲ. ಮಕ್ಕಳು ಮಾತ್ರ ಓದು ಲೆಕ್ಕಗಳಲ್ಲಿ ಚುರುಕಾಗಿದ್ದುದನ್ನು ಆಕೆಯ ವಿರೋಧಿಗಳೂ ಅಲ್ಲಗಳೆಯಲಿಲ್ಲ.

ಎರಡೂ ಮನವಿಗಳಿಗೆ ಹೆಬ್ಬೆಟ್ಟು ಒತ್ತಿದ್ದ ಒಬ್ಬ ಕೂಲಿಯ ಹೆಂಗಸನ್ನು ಏಕೆ ಹಾಗೆ ಮಾಡಿದಿರೆಂದು ಕೇಳಿದೆ. ಆಕೆ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದಳು: “ಟೀಚರಮ್ಮ ಬಂದ ಮ್ಯಾಲೆ ನನ್ನ ಮಗ ರೇಷನ್ ಕಾರ್ಡು ಓದ್ತಾನೆ ಸ್ವಾಮಿ, ಅದಕ್ಕೆ ಇಲ್ಲಿ ಒತ್ತಿದೆ. ಗೌಡ್ರ ಹೊಲದಾಗೆ ಕೆಲಸಕ್ಕೆ ಹೋಗೋಳು ನಾನು, ಅದಕ್ಕೆ ಅಲ್ಲೂ ಒತ್ತಿದೆ.” ಊರಿನ ಇಡೀ ಸಮಸ್ಯೆ ಆ ಎರಡು ವಾಕ್ಯಗಳಲ್ಲಿತ್ತು. ನಾನು ಅದನ್ನು ವರದಿಯಲ್ಲಿ ಬರೆಯಲಿಲ್ಲ. ಹಣಕಾಸಿನ ಅವ್ಯವಹಾರ ರುಜುವಾತಾಗಿಲ್ಲ, ಆದರೂ ಗ್ರಾಮದ ಸೌಹಾರ್ದದ ದೃಷ್ಟಿಯಿಂದ ಆಡಳಿತಾತ್ಮಕ ಕಾರಣದ ಮೇಲೆ ವರ್ಗಾವಣೆ ಸೂಕ್ತ ಎಂದು ಬರೆದೆ. ನಮ್ಮ ಆಡಳಿತ ಭಾಷೆಯಲ್ಲಿ ‘ಆಡಳಿತಾತ್ಮಕ ಕಾರಣ’ ಎಂದರೆ ಕಾರಣ ಹೇಳಲು ಇಷ್ಟವಿಲ್ಲ ಎಂದರ್ಥ.

ಅವರು ಹೋದರು. ಕೊಠಡಿ ಪೂರ್ಣಗೊಂಡಿತು, ಚೆನ್ನಾಗಿಯೇ ಕಟ್ಟಿದ್ದರು. ಮುಖ್ಯ ಶಿಕ್ಷಕರ ಹುದ್ದೆ ಮಾತ್ರ ಸುಮಾರು ಎರಡು ವರ್ಷ ಪ್ರಭಾರದಲ್ಲಿಯೇ ನಡೆಯಿತು. ಮೂರು ವರ್ಷಗಳ ಬಳಿಕ ಬೇರೆ ಕೆಲಸಕ್ಕೆಂದು ಆ ದಾರಿಯಲ್ಲಿ ಹೋದಾಗ ಶಾಲೆಗೆ ಇಳಿದೆ. ಜಗಳವಿರಲಿಲ್ಲ. ಸಮಿತಿಯ ನಡಾವಳಿ ಪುಸ್ತಕದಲ್ಲಿ ಎಲ್ಲ ಸಹಿಗಳೂ ಒಂದೇ ಪೆನ್ನಿನವು. ಎರಡು ಬಣಗಳ ಮುಂದಾಳುಗಳ ಮಕ್ಕಳೂ ಹೋಬಳಿ ಕೇಂದ್ರದ ಖಾಸಗಿ ಇಂಗ್ಲಿಷ್ ಶಾಲೆಗೆ ಒಂದೇ ವ್ಯಾನಿನಲ್ಲಿ ಹೋಗುತ್ತಿದ್ದರು.

ಅರ್ಥಶಾಸ್ತ್ರ ಓದಿದವರಿಗೆ ಆಲ್ಬರ್ಟ್ ಹಿರ್ಷ್‌ಮನ್ ಇಲ್ಲಿ ನೆನಪಾಗದೆ ಇರಲಾರರು. ಸಂಸ್ಥೆಯ ಗುಣಮಟ್ಟ ಕುಸಿದಾಗ ಜನರ ಮುಂದೆ ಎರಡು ದಾರಿಗಳಿರುತ್ತವೆ, ಬಿಟ್ಟು ಹೋಗುವುದು ಇಲ್ಲವೆ ದನಿಯೆತ್ತುವುದು ಎಂದು 1970ರ ತಮ್ಮ ಪುಸ್ತಕದಲ್ಲಿ ಅವರು ವಿವರಿಸಿದರು. ಸಾರ್ವಜನಿಕ ಶಾಲೆಯ ಉದಾಹರಣೆಯನ್ನೂ ಕೊಟ್ಟರು: ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿಯುಳ್ಳ ಪೋಷಕರೇ ಮೊದಲು ಹೊರಟುಹೋಗುತ್ತಾರೆ, ಜಗಳವಾಡಿ ಸರಿಪಡಿಸಬಲ್ಲವರೂ ಅವರೇ ಆಗಿರುತ್ತಾರೆ. ಇದನ್ನು ನಾನು ಪರೀಕ್ಷೆಗೆ ಓದಿ, ಬರೆದು, ಅಂಕ ಪಡೆದವನು. ಆದರೂ ಎರಡು ಮನವಿಗಳು ಕಣ್ಣೆದುರಿಗೆ ಬಂದಾಗ ಅವು ಆ ಶಾಲೆಯನ್ನು ಇನ್ನೂ ತಮ್ಮದೆಂದು ನಂಬಿದ್ದವರ ದನಿಗಳೆಂದು ನನಗೆ ಹೊಳೆಯಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಸಮಿತಿಗಳಿಗೆ ಕಾನೂನಿನ ಬಲ ಕೊಟ್ಟಿತು. ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಕಾರ್ಯನಿರ್ವಹಣೆಯ ಮೇಲೆ ನಿಗಾ, ಅಭಿವೃದ್ಧಿ ಯೋಜನೆ, ಅನುದಾನದ ಬಳಕೆ, ಇವೆಲ್ಲ ಅವರ ಹೊಣೆ. ಶಾಲೆಯನ್ನು ಯಾರು ಮುನ್ನಡೆಸಬೇಕೆಂಬ ವಿಷಯದಲ್ಲಿ ಮಾತ್ರ ಅವರಿಗೆ ಮಾತಿಲ್ಲ. ಆ ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದರವರೆಗಿನ ತರಗತಿಗಳಲ್ಲಿ 150ಕ್ಕಿಂತ ಹೆಚ್ಚು, ಆರರಿಂದ ಎಂಟರವರೆಗೆ 100ಕ್ಕಿಂತ ಹೆಚ್ಚು ಮಕ್ಕಳಿದ್ದರಷ್ಟೇ ಪ್ರತ್ಯೇಕ ಮುಖ್ಯ ಶಿಕ್ಷಕರು. ಉಳಿದೆಡೆ ಪಾಠ ಮಾಡುವವರೇ ಬಿಸಿಯೂಟದ ಅಕ್ಕಿಯ ಲೆಕ್ಕವನ್ನೂ ಬರೆದು, ಇಲಾಖೆಯ ಸಭೆಗೂ ಓಡಬೇಕು. ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸಲು ರಾಜ್ಯದಲ್ಲಿ 2007ರಲ್ಲಿ ಕಾಯ್ದೆ ಬಂತು, 2020ರಲ್ಲಿ ಅದರ ಸ್ಥಾನದಲ್ಲಿ ಹೊಸತೊಂದು ಬಂತು. ಕೌನ್ಸೆಲಿಂಗ್ ಪದ್ಧತಿಯಿಂದ ಶಿಕ್ಷಕರಿಗೆ ರಾಜಕಾರಣಿಗಳ ಮನೆ ಬಾಗಿಲು ಕಾಯುವ ಸಂಕಟ ಕಡಿಮೆಯಾಯಿತೆಂಬುದು ನಿಜ. ಪೋಷಕರು ಹೇಳಬೇಕಾದುದನ್ನು ಹೇಳಲು ಅಲ್ಲಿಯೂ ಎಡೆಯಿಲ್ಲ. ಮೇಲುಸ್ತುವಾರಿ ಎಂಬ ಪದವನ್ನು ಕೈಗಿತ್ತು, ಅದನ್ನು ಚಲಾಯಿಸುವ ಕೀಲಿಯನ್ನು ಕೊಡದಿದ್ದರೆ ಜನ ಬೀಗವನ್ನು ಹುಡುಕಿಕೊಳ್ಳುತ್ತಾರೆ.

ಅಮೆರಿಕದ ಷಿಕಾಗೊ ನಗರದಲ್ಲಿ 1988ರ ಶಾಸನದ ಮೂಲಕ ಶಾಲಾ ಮಂಡಳಿಗಳನ್ನು ರಚಿಸಿ, ಆರು ಮಂದಿ ಪೋಷಕರು ಬಹುಮತದಲ್ಲಿರುವ ಆ ಮಂಡಳಿಗಳಿಗೆ ಪ್ರಾಂಶುಪಾಲರನ್ನು ನಾಲ್ಕು ವರ್ಷಗಳ ಕರಾರಿನ ಮೇಲೆ ಆರಿಸುವ ಅಧಿಕಾರ ಕೊಟ್ಟರು. ನಮ್ಮಲ್ಲಿಯೂ ಹಾಗೆಯೇ ಆಗಲಿ ಎಂದು ನಾನು ಹೇಳಲಾರೆ. ಹೆಬ್ಬೆಟ್ಟು ಒತ್ತಿದ ಆ ತಾಯಿ ನೆನಪಾಗುತ್ತಾಳೆ. ಬಹುಮತವೆಂದರೆ ಹೊಲವುಳ್ಳವರ ಮತ ಎನ್ನುವ ಊರುಗಳಲ್ಲಿ ಹೊರಗಿನಿಂದ ಬಂದ ಶಿಕ್ಷಕಿಯ, ಅದರಲ್ಲೂ ದಲಿತ ಶಿಕ್ಷಕಿಯ, ಗತಿಯೇನು?

ನೇಮಿಸುವ ಅಧಿಕಾರ ಬೇಡ, ವಿಚಾರಣೆಯ ಹಕ್ಕಾದರೂ ಬೇಕು. ಮಗುವಿನ ಹಕ್ಕಿಗೆ ಸಂಬಂಧಿಸಿದ ದೂರನ್ನು ಸ್ಥಳೀಯ ಪ್ರಾಧಿಕಾರವು ಉಭಯ ಪಕ್ಷಗಳ ಅಹವಾಲು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮು ಈಗಾಗಲೇ ಹೇಳುತ್ತದೆ. ಮುಖ್ಯ ಶಿಕ್ಷಕರ ಕುರಿತ ತಕರಾರನ್ನೂ ಅದೇ ರೀತಿಯಲ್ಲಿ, ತಾಲ್ಲೂಕು ಕಚೇರಿಯಲ್ಲಲ್ಲ, ಶಾಲೆಯ ಅಂಗಳದಲ್ಲಿಯೇ ಕೇಳಬಹುದು. ಶಿಕ್ಷಕರ ಉತ್ತರ ಬರಹದಲ್ಲಿರಲಿ. ಕೂಲಿಯ ತಾಯಂದಿರನ್ನು ಗಂಡಸರ ಗುಂಪಿನಿಂದ ಬೇರೆಯಾಗಿ ಕೂರಿಸಿ ಕೇಳುವುದಕ್ಕೆ ಅಧಿಕಾರಿಗೆ ಅರ್ಧ ದಿನ ಹೆಚ್ಚು ಹಿಡಿದೀತು. ಆಮೇಲೆ ಆದೇಶ ಏನೇ ಆಗಲಿ, ಅದರ ಕಾರಣವನ್ನು ಸಮಿತಿಯ ಮುಂದೆ ಓದಿ ಹೇಳಬೇಕು. ಇದಕ್ಕೆ ಹೊಸ ಹುದ್ದೆಯೂ ಬೇಡ, ಹಣವೂ ಬೇಡ. 2004ರಲ್ಲಿ ನಾನೇ ಇದನ್ನು ಮಾಡಬಹುದಿತ್ತು, ಜೀಪು ಕಾಯುತ್ತಿತ್ತು.

ವರ್ಗಾವಣೆಯ ಆದೇಶ ಹೊರಟ ಕೆಲವು ದಿನಗಳ ನಂತರ ಆ ಮುಖ್ಯೋಪಾಧ್ಯಾಯಿನಿ ನನ್ನ ಕಚೇರಿಗೆ ಬಂದಿದ್ದರು. ಆದೇಶ ರದ್ದು ಮಾಡಿ ಎಂದು ಕೇಳಲಿಲ್ಲ. ನನ್ನ ವರದಿಯ ಒಂದು ಪ್ರತಿ ಸಿಗಬಹುದೇ ಎಂದರು. ಅದು ಗೌಪ್ಯ ಎಂದೆ. 2000ದ ಕರ್ನಾಟಕ ಮಾಹಿತಿ ಹಕ್ಕು ಕಾಯ್ದೆ ಆಗ ಜಾರಿಯಲ್ಲಿತ್ತು. ಆಕೆಗೆ ಅದು ತಿಳಿದಿರಲಿಲ್ಲವೆಂದು ಕಾಣುತ್ತದೆ. ತಿಳಿದಿದ್ದ ನಾನು ಹೇಳಲಿಲ್ಲ.